ಓದಿದರೆ ಕುಲದಿಂದ ಹೊರಗೆ?



ಕೆನಡಾದ ಮೂಲನಿವಾಸಿಗಳನ್ನು ಬಿಳಿಯರು 'ಇಂಡಿಯನ್ನರು' ಅಂತ ಕರೆದರು. 1876ರ ಇಂಡಿಯನ್ ಕಾಯ್ದೆ ಅವರಿಗೆ ಏನು ಹೇಳಿತು ಗೊತ್ತೆ? ವಿಶ್ವವಿದ್ಯಾಲಯದ ಡಿಗ್ರಿ ಪಡೆದೆಯೋ, ಕಾನೂನಿನ ಲೆಕ್ಕದಲ್ಲಿ ಇನ್ನು ನೀನು ಇಂಡಿಯನ್ನನೇ ಅಲ್ಲ! ಓದು ಬೇಕಾದರೆ ನಿನ್ನ ಜನರನ್ನು ಬಿಡು ಅಂತ. ಎಳೆಮಕ್ಕಳನ್ನು ತಾಯಿಮಡಿಲಿಂದ ಕಿತ್ತು ವಸತಿಶಾಲೆಗೆ ತಳ್ಳಿದರು. ತಾಯಿನುಡಿ ಆಡಿದ್ದಕ್ಕೆ ಬಡಿದರು.

1970ರಲ್ಲಿ ಆಲ್ಬರ್ಟಾ ಪ್ರಾಂತದ ಬ್ಲೂ ಕ್ವಿಲ್ಸ್ ಎಂಬ ಅಂಥದೇ ಶಾಲೆಯೊಳಗೆ ಜನ ಧರಣಿ ಕೂತರು. ಕದಲಲಿಲ್ಲ. ಸರ್ಕಾರ ಮಣಿದು ಶಾಲೆಯನ್ನು ಅವರ ಕೈಗಿಟ್ಟಿತು. 1976ರಲ್ಲಿ ಸಸ್ಕಾಚೆವಾನ್ ಪ್ರಾಂತದ ಇಂಡಿಯನ್ನರ ಒಕ್ಕೂಟ ರೆಜಿನಾ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡು ತನ್ನದೇ ಕಾಲೇಜು ತೆರೆಯಿತು. ಡಿಗ್ರಿ ವಿಶ್ವವಿದ್ಯಾಲಯದ್ದು, ಆಡಳಿತ ಜನರದ್ದು. ಬಡಿಸಿಕೊಂಡಿದ್ದ ಕ್ರೀ ಭಾಷೆ ಅಲ್ಲಿ ಪಾಠವಾಯಿತು. ತಮ್ಮ ಜನರ ನಡುವೆ ಕೆಲಸ ಮಾಡುವ ಮೇಷ್ಟ್ರುಗಳು, ಸಮಾಜ ಕಾರ್ಯಕರ್ತರು ಅಲ್ಲಿ ತಯಾರಾದರು.

ಕಾಲೇಜು ಮೆಟ್ಟಿಲು ಹತ್ತಿರುವ ನಾವು ಇದನ್ನು ಯಾಕೆ ಹೇಳ್ತಾ ಇದ್ದೀವಿ? ನಮಗೂ ಸೀಟು, ಸ್ಕಾಲರ್‌ಶಿಪ್ಪು ಸಿಕ್ಕಿವೆ. ಅಷ್ಟು ಸಾಕೆ? ಯಾವ ಪಾಠ, ಯಾರು ಮೇಷ್ಟ್ರು, ಯಾರಿಗೆ ಕೆಲಸ ಅಂತ ತೀರ್ಮಾನಿಸುವ ಕುರ್ಚಿಯಲ್ಲಿ ನಮ್ಮ ಕೇರಿಯವರೂ ಕೂರಬೇಕು. ಕೇರಿಯನ್ನು ಮರೆಸುವ ಡಿಗ್ರಿ ನಮಗೆ ಬೇಡ.