ನೀರು ಇಳಿದ ಮೇಲೆ

ನಾನಿರುವುದು ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿದಾಗ ನಮ್ಮ ಬೀದಿಯವರೂ ಅಕ್ಕಿ, ಬಿಸ್ಕತ್ತು, ಬಟ್ಟೆ ಕೂಡಿಸಿದೆವು. ಲಾರಿಯೊಡನೆ ನಾನೂ ಬಾದಾಮಿ ತಾಲ್ಲೂಕಿನ ಹೊಳೆದಂಡೆಯ ಊರೊಂದಕ್ಕೆ ಹೋದೆ. ಶಾಲೆಯ ಜಗಲಿಯ ಮೇಲೆ ಆಗಲೇ ಹಳೆಯ ಬಟ್ಟೆಗಳ ರಾಶಿಯಿತ್ತು. ಅಜ್ಜಿಯೊಬ್ಬರು ಕೇಳಿದರು: "ಅರಿವಿ ಸಾಕಷ್ಟು ಬಂದಾವ್ರಿ. ಮುಂದಿನ ತಿಂಗಳ ಯಾರು ಬರ್ತೀರಿ?" ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯ ಹಿಂದೆ ಸರಳ ವಿಜ್ಞಾನವಿದೆ. ಆ ಸೀಮೆಯ ಮಣ್ಣಿನ ಗೋಡೆ ನೀರು ಹೀರಿದಾಗ ಕಣಗಳ ಹಿಡಿತ ಸಡಿಲವಾಗುತ್ತದೆ. ಎರೆಭೂಮಿ ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗಾಗಿ ಮೊದಲ ವಾರ ನೆಟ್ಟಗೆ ನಿಂತ ಮನೆ, ಬಿಸಿಲು ಬಿದ್ದ ಮೇಲೆ ಬುನಾದಿಯಿಂದಲೇ ಬಿರುಕು ಬಿಡಬಹುದು. ಆ ವರ್ಷ ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಲಾಯಿತು. ಹಣ ಬರುತ್ತಿದ್ದುದು ಕಂತಿನಲ್ಲಿ, ಕಟ್ಟಡ ಮೇಲೇಳುತ್ತಾ ಹೋದಂತೆ. ಸಮೀಕ್ಷೆಯ ನಂತರ ಕುಸಿದ ಗೋಡೆಯನ್ನು ಮತ್ತೆ ಬಂದು ನೋಡುವವರು ಯಾರು? ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದ ಮನೆಯ ಉತಾರ ಸರಿಪಡಿಸಿಕೊಡುವವರು ಯಾರು?

ಇಲ್ಲಿ ಬೇಕಾದದ್ದು ಊರು ಬಿಟ್ಟು ಹೋಗದ ಸಂಸ್ಥೆಗಳು. ಗದಗ-ಬೆಟಗೇರಿ ಸೀಮೆಗೆ ಬಾಸೆಲ್ ಮಿಶನ್ ಬಂದದ್ದು 1840ರ ದಶಕದಲ್ಲಿ. ಅಲ್ಲಿನ ಚರ್ಚ್ ನಿನ್ನೆಯ ಅತಿಥಿಯಲ್ಲ. 2009ರ ಮಹಾಪೂರದಲ್ಲಿ ಕೆರಿಟಾಸ್ ಇಂಡಿಯಾ, ಕಾಸಾದಂಥ ಚರ್ಚ್ ಸಂಸ್ಥೆಗಳು ನೆರವಿಗೆ ಬಂದವು. ಸರ್ಕಾರದ 'ಆಸರೆ' ಯೋಜನೆಯಲ್ಲಿ ಮಠಗಳು, ಕಂಪನಿಗಳು ಮನೆ ಕಟ್ಟಿಸಿದವು. ಆದರೂ ಕೆಲವು ಹೊಸ ಊರುಗಳಿಗೆ ಜನ ಹೋಗಲು ಹಿಂಜರಿದರು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ. ಮನೆ ಎದ್ದಿತು, ಬದುಕು ಏಳಲಿಲ್ಲ.

ಅಮೆರಿಕದಲ್ಲಿ ನೆರೆಯ ನಂತರ ಚರ್ಚ್‌ಗಳೂ ಸ್ವಯಂಸೇವಕರೂ ಸೇರಿ ದೀರ್ಘಾವಧಿ ಪುನರ್ವಸತಿ ಸಮಿತಿ ರಚಿಸುವ ಪದ್ಧತಿಯಿದೆ. ಕುಟುಂಬಕ್ಕೊಬ್ಬ ಕಾರ್ಯಕರ್ತ, ಆ ಕುಟುಂಬ ಮನೆ ಸೇರುವವರೆಗೂ ಅವರ ಕಡತ ಅವನ ಕೈಯಲ್ಲಿ. ಇದಕ್ಕೆ ದೊಡ್ಡ ಹಣ ಬೇಡ. ಒಂದು ನೋಟುಬುಕ್ಕು, ತಿಂಗಳಿಗೊಂದು ಭೇಟಿ, ಅರ್ಜಿ ಬರೆಯಬಲ್ಲ ಕೈ ಸಾಕು. ನಮ್ಮಲ್ಲಿ ಚರ್ಚ್, ಮಠ, ಮಸೀದಿ, ಸ್ತ್ರೀಶಕ್ತಿ ಸಂಘ ಯಾವುದೂ ಇದನ್ನು ಮಾಡಬಹುದು. ಒಂದೇ ನಿಯಮ: ಕೊಡುವಾಗ ಜಾತಿ, ಮತ ಕೇಳಬಾರದು. ರೆಡ್ ಕ್ರಾಸ್ ಮತ್ತು ನೆರವು ಸಂಸ್ಥೆಗಳು 1994ರಲ್ಲಿ ಒಪ್ಪಿದ ನೀತಿಸಂಹಿತೆಯೂ ಇದನ್ನೇ ಹೇಳುತ್ತದೆ.

ಮುಂದಿನ ಸಲ ಲಾರಿ ಹೊರಡುವಾಗ ನಮ್ಮ ಬೀದಿಯವರಿಗೆ ನಾನು ಹೇಳುವುದು ಇಷ್ಟೇ: ಕೂಡಿಸಿದ ಹಣದಲ್ಲಿ ಅರ್ಧ ಈಗ ಕಳಿಸೋಣ, ಇನ್ನರ್ಧ ಆರು ತಿಂಗಳ ನಂತರ ನಾವೇ ಹೋಗಿ ಕೊಡೋಣ. ಅಜ್ಜಿಯ ಪ್ರಶ್ನೆಗೆ ಉತ್ತರ ಅದೇ.