ಹವಳದ ಕೊಲ್ಲಿಯಲ್ಲೊಂದು ಬಿಳಿ ಕಂಬ

(ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಸ್ನಾರ್ಕೆಲಿಂಗ್ ಎಂಬ ಪದ ಈಗ ನಮಗೆ ಹೊಸದಲ್ಲ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ನಡುಗಡ್ಡೆಗೆ ಹೋಗಿ, ಮುಖಕ್ಕೆ ಗಾಜಿನ ಮುಖವಾಡ ಕಟ್ಟಿ, ಬಾಯಲ್ಲಿ ಕೊಳವೆ ಕಚ್ಚಿಕೊಂಡು ನೀರಿನ ಮೇಲೆ ಬೋರಲಾಗಿ ತೇಲಿ ಬಂದವರು ಈ ಸಭೆಯಲ್ಲೂ ಇರಬಹುದು. ನೀರೊಳಗೆ ಬರಿಗಣ್ಣಿಗೆ ಎಲ್ಲವೂ ಮಸುಕು. ಕಣ್ಣಿಗೂ ನೀರಿಗೂ ನಡುವೆ ಒಂದಿಷ್ಟು ಗಾಳಿ ಇದ್ದರೆ ನೋಟ ತಿಳಿಯಾಗುತ್ತದೆ. ಮುಖವಾಡ ಮಾಡುವ ಕೆಲಸ ಇಷ್ಟೇ.

ಇದೇ ಆಟಕ್ಕೆ ಹೆಸರಾದ, ನಮ್ಮಿಂದ ಬಹುದೂರದ ಒಂದು ಕೊಲ್ಲಿಯ ಕತೆ ಹೇಳುತ್ತೇನೆ. ಹೆಸರು ಕೆಯಾಲಕೆಕುವಾ. ದೇವರ ದಾರಿ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಪೆಸಿಫಿಕ್ ಸಾಗರದ ಹವಾಯಿ ದ್ವೀಪದ ಪಶ್ಚಿಮ ತೀರದಲ್ಲಿದೆ. ಹಿಂದೆ ಸುಮಾರು ಆರುನೂರು ಅಡಿ ಎತ್ತರದ ಕಡಿದಾದ ಬಂಡೆ, ಅದರ ಗವಿಗಳಲ್ಲಿ ಹಳೆಯ ನಾಯಕರ ಅಸ್ಥಿ. ಬೆಳಿಗ್ಗೆ ಹತ್ತಿರದ ಬಂದರುಗಳಿಂದ ಹೊರಡುವ ದೋಣಿಗಳು ಕೊಲ್ಲಿಯ ಉತ್ತರದ ಮೂಲೆಗೆ ಬಂದು ನಿಲ್ಲುತ್ತವೆ. ಜನ ನೀರಿಗಿಳಿಯುತ್ತಾರೆ. ಕೆಳಗೆ ಹವಳದ ಹಾಸು, ಹಳದಿ ಟ್ಯಾಂಗ್ ಮೀನುಗಳ ಹಿಂಡು, ಹವಳವನ್ನು ಕಟಕಟನೆ ಕಡಿದು ಮರಳಾಗಿಸುವ ಗಿಳಿಮೀನು. ಸ್ವಲ್ಪ ಮುಂದೆ ಹೋದರೆ ಹಾಸು ಮುಗಿದು ಕಡುನೀಲಿ ಆಳ. ಗಂಟೆಯೆರಡು ಗಂಟೆ ತೇಲಿ, ದೋಣಿಯಲ್ಲಿ ಊಟ ಮಾಡಿ, ಜನ ವಾಪಸಾಗುತ್ತಾರೆ.

ತಲೆ ಎತ್ತಿದರೆ ದಡದಲ್ಲೊಂದು ಬಿಳಿ ಕಂಬ ಕಾಣುತ್ತದೆ. ಇಪ್ಪತ್ತೇಳು ಅಡಿ ಎತ್ತರ, 1874ರಲ್ಲಿ ನಿಂತದ್ದು. ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಜೇಮ್ಸ್ ಕುಕ್ ಇಲ್ಲೇ ಸತ್ತ. ಈ ದ್ವೀಪಗಳನ್ನು ಆತ ‘ಕಂಡುಹಿಡಿದ’ ಎಂದು ಕಂಬದ ಬರಹ ಸಾರುತ್ತದೆ. ದಡದಲ್ಲಿ ಸಾವಿರಾರು ಜನ ನಿಂತು ನೋಡುತ್ತಿದ್ದ ನಾಡನ್ನು ಕಂಡುಹಿಡಿಯುವುದು ಹೇಗೋ ನನಗೆ ತಿಳಿಯದು. ಅದು ನಿಂತ ಜಾಗವನ್ನು 1877ರಲ್ಲಿ ಬ್ರಿಟನ್ನಿಗೆ ಬರೆದುಕೊಟ್ಟರು.

ಕುಕ್‌ನ ಎರಡು ಹಡಗುಗಳು ಈ ಕೊಲ್ಲಿಯಲ್ಲಿ ಲಂಗರು ಹಾಕಿದ್ದು 1779ರ ಜನವರಿ 17ರಂದು. ಅದು ಮಕಹಿಕಿ ಹಬ್ಬದ ಕಾಲ. ಬೆಳೆ ಮತ್ತು ಮಳೆಯ ದೇವರು ಲೋನೋನ ಹಬ್ಬ. ಆ ನಾಲ್ಕು ತಿಂಗಳು ಯುದ್ಧ ನಿಷಿದ್ಧ. ಅಡ್ಡಕೋಲಿಗೆ ಬಿಳಿಬಟ್ಟೆ ಇಳಿಬಿಟ್ಟ ಉದ್ದನೆಯ ಕಂಬ ಲೋನೋನ ಲಾಂಛನ. ಅದನ್ನು ಹೊತ್ತು ದ್ವೀಪದ ಸುತ್ತ ಪ್ರದಕ್ಷಿಣೆ ಬರುವುದು ಪದ್ಧತಿ. ಬಿಳಿ ಹಾಯಿಯ ಹಡಗುಗಳೂ ದ್ವೀಪವನ್ನು ಸುತ್ತಿಯೇ ಬಂದಿದ್ದವು. ಅರ್ಚಕರು ಕುಕ್‌ನನ್ನು ದಕ್ಷಿಣ ದಡದ ಹಿಕಿಯಾವ್ ಎಂಬ ಕಲ್ಲುಜಗಲಿಯ ದೇಗುಲಕ್ಕೆ ಕರೆದೊಯ್ದು ವಿಧಿ ನಡೆಸಿದರು.

ಕುಕ್ ದೇವರೆಂದು ಅವರು ನಂಬಿದರೇ? ಈ ಪ್ರಶ್ನೆಗೆ ದೊಡ್ಡ ಜಗಳವೇ ನಡೆದಿದೆ. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಷಲ್ ಸಾಹ್ಲಿನ್ಸ್ ಹೌದೆಂದರು. ಶ್ರೀಲಂಕಾದ ಗಣನಾಥ ಒಬೆಯೆಶೇಖರ 1992ರಲ್ಲಿ ಪುಸ್ತಕ ಬರೆದು, ಬಿಳಿಯನನ್ನು ಕಂಡೊಡನೆ ದೇವರೆಂದು ಕೈಮುಗಿಯುವ ‘ಮುಗ್ಧ’ ಜನ ಯುರೋಪಿನವರೇ ಹೆಣೆದ ಪುರಾಣ ಎಂದರು. ಹವಾಯಿಯವರಿಗೆ ಅವರದೇ ಯೋಚನಾಕ್ರಮವಿತ್ತು, ನಮ್ಮ ತರ್ಕವನ್ನು ಅವರ ಮೇಲೆ ಹೇರಬಾರದು ಎಂದು ಸಾಹ್ಲಿನ್ಸ್ 1995ರಲ್ಲಿ ಮತ್ತೊಂದು ಪುಸ್ತಕದಲ್ಲೇ ಉತ್ತರ ಕೊಟ್ಟರು. ವಸಾಹತು ಆಡಳಿತವನ್ನು ಅನುಭವಿಸಿದ ನಾಡಿನವರಾದ ನಮಗೆ ಒಬೆಯೆಶೇಖರರ ಅನುಮಾನ ಹತ್ತಿರದ್ದೆನಿಸುತ್ತದೆ. ಆದರೂ ಹಬ್ಬದ ಕಾಲವನ್ನೂ ಅರ್ಚಕರ ಪೂಜೆಯನ್ನೂ ಸುಲಭವಾಗಿ ತಳ್ಳಿಹಾಕಲಾಗದು.

ಫೆಬ್ರವರಿ 4ರಂದು ಹಡಗುಗಳು ಹೊರಟವು. ಬಿರುಗಾಳಿಗೆ ಮುಂದಿನ ಹಾಯಿಕಂಬ ಕೆಟ್ಟಿತು. 11ರಂದು ಮರಳಿ ಬಂದಾಗ ಮೊದಲಿನ ಸಡಗರವಿರಲಿಲ್ಲ. ಒಂದು ರಾತ್ರಿ ಹಡಗಿನ ದೊಡ್ಡ ದೋಣಿ ಕಳುವಾಯಿತು. ಅದು ಸಿಗುವ ತನಕ ಅರಸ ಕಲನಿಯೋಪುವುವನ್ನು ಒತ್ತೆಯಿಟ್ಟುಕೊಳ್ಳಲು 14ರ ಬೆಳಿಗ್ಗೆ ಕುಕ್ ಬಂದೂಕಿನವರೊಂದಿಗೆ ದಡಕ್ಕಿಳಿದ. ಜನ ಸೇರಿದರು, ಗುಂಡು ಹಾರಿತು. ಕುಕ್ ಮತ್ತು ಅವನ ನಾಲ್ವರು ಸೈನಿಕರು ಸತ್ತರು. ಹವಾಯಿಯವರೂ ಅನೇಕರು ಸತ್ತರು. ಮುಂದಿನ ದಿನಗಳಲ್ಲಿ ಹಡಗಿನವರು ಹಳ್ಳಿಗೆ ಬೆಂಕಿಯಿಟ್ಟರು. ಅವರೊಂದಿಗೆ ಸ್ನೇಹದಿಂದಿದ್ದ ಅರ್ಚಕರ ಮನೆಗಳೂ ಸುಟ್ಟುಹೋದವು. ಕುಕ್‌ನ ದೇಹಕ್ಕೆ ಹವಾಯಿಯವರು ನಾಯಕನಿಗೆ ಸಲ್ಲುವ ಸಂಸ್ಕಾರ ಮಾಡಿ ಅಸ್ಥಿ ಹಂಚಿಕೊಂಡಿದ್ದರು. ಅದರಲ್ಲಿ ಒಂದು ಭಾಗವನ್ನು ಮರಳಿಸಿದರು. ಹಡಗಿನವರು ಅದನ್ನು ಇದೇ ಕೊಲ್ಲಿಯ ನೀರಿಗೆ ಇಳಿಬಿಟ್ಟರು. ಇವತ್ತು ಜನ ತೇಲುವ ನೀರು ಒಬ್ಬನ ಸಮಾಧಿಯೂ ಹೌದು.

ಇನ್ನೊಬ್ಬನಿದ್ದಾನೆ. ದೋಣಿಯವರ ಕತೆಗಳಲ್ಲಿ ಕುಕ್‌ನಷ್ಟು ಜಾಗ ಅವನಿಗಿಲ್ಲ. ಓಪುಕಹಾಯಿಯಾ ಎಂಬ ಅನಾಥ ಹುಡುಗ. ಯುದ್ಧದಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ಹಿಕಿಯಾವ್‌ನಲ್ಲಿ ಅರ್ಚಕನಾಗಿದ್ದ ಬಂಧುವಿನ ಬಳಿ ಪೂಜೆಯ ವಿದ್ಯೆ ಕಲಿಯುತ್ತಿದ್ದ. ಒಂದು ದಿನ ಕೊಲ್ಲಿಯಲ್ಲಿ ನಿಂತ ಅಮೆರಿಕದ ಹಡಗಿಗೆ ಈಜಿಕೊಂಡು ಹೋಗಿ ಹತ್ತಿದ. ಕನೆಕ್ಟಿಕಟ್ ಸೇರಿ ಇಂಗ್ಲಿಷ್ ಕಲಿತು ಕ್ರೈಸ್ತನಾದ. 1818ರಲ್ಲಿ, ಇಪ್ಪತ್ತರ ಹರೆಯದಲ್ಲೇ, ಟೈಫಸ್ ಜ್ವರಕ್ಕೆ ತುತ್ತಾದ. ಊರಿಗೆ ಮರಳುವ ಆಸೆ ಈಡೇರಲಿಲ್ಲ. ಅವನ ಜೀವನಕಥೆ ಓದಿ ಹುರುಪುಗೊಂಡ ಮಿಷನರಿಗಳು 1820ರಲ್ಲಿ ಹವಾಯಿಗೆ ಬಂದಿಳಿದರು. ಆ ಬರವು ದ್ವೀಪಗಳ ಧರ್ಮ, ಲಿಪಿ, ಉಡುಪು ಎಲ್ಲವನ್ನೂ ಬದಲಿಸಿತು. 1993ರಲ್ಲಿ ಬಂಧುಗಳು ಅವನ ಅಸ್ಥಿಯನ್ನು ಕನೆಕ್ಟಿಕಟ್‌ನಿಂದ ತಂದು, ಕೊಲ್ಲಿಗೆ ಸಮೀಪದ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ನೂರ ಎಪ್ಪತ್ತೈದು ವರ್ಷ ತಡವಾಗಿ ಆತ ಊರು ಸೇರಿದ.

ಈಗ ಮೀನುಗಳ ಮಾತಿಗೆ ಬರೋಣ. ಕೊಲ್ಲಿಗೆ 1969ರಿಂದ ಸಂರಕ್ಷಿತ ಕಡಲಿನ ಸ್ಥಾನವಿದೆ. ಹವಳ ದಟ್ಟವಾಗಿರುವ ಭಾಗದಲ್ಲಿ ಮೀನು ಹಿಡಿಯುವಂತಿಲ್ಲ. ಅಲ್ಲಿನ ಮೀನಿನ ಸಮೃದ್ಧಿಗೆ ಈ ಕಾನೂನೂ ಒಂದು ಕಾರಣ. ತಕರಾರು ಹೆಚ್ಚು ಎದ್ದದ್ದು ಡಾಲ್ಫಿನ್‌ಗಳ ವಿಷಯದಲ್ಲಿ. ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿಯೆಲ್ಲ ಆಳದಲ್ಲಿ ಬೇಟೆಯಾಡಿ, ಹಗಲು ವಿಶ್ರಾಂತಿಗೆ ಇಂತಹ ಕೊಲ್ಲಿಗೆ ಬರುತ್ತವೆ. ನಾವು ರಾತ್ರಿ ಪಾಳಿ ಮುಗಿಸಿ ಮಲಗಿದ ಹೊತ್ತಿಗೆ ನೆಂಟರು ಬಾಗಿಲು ಬಡಿದಂತೆ, ದೋಣಿಗಳು ಅವುಗಳ ನಡುವೆ ಜನರನ್ನು ಇಳಿಸುತ್ತಿದ್ದವು. 2021ರಲ್ಲಿ ಬಂದ ನಿಯಮದಂತೆ ಅವುಗಳ ಐವತ್ತು ಗಜದೊಳಗೆ ಯಾರೂ ಹೋಗಬಾರದು. ಹವಳಕ್ಕೆ ಕೆಡುಕೆಂದು ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವೂ ಅದೇ ವರ್ಷದಿಂದ ಹವಾಯಿಯಲ್ಲಿ ನಿಷಿದ್ಧ. ಮುಲಾಮು ನಿಲ್ಲಿಸುವುದು ಸುಲಭ. ಸಮುದ್ರ ಬಿಸಿಯಾಗುವುದನ್ನು ನಿಲ್ಲಿಸುವುದು ಅಂಗಡಿಯವನ ಕೈಲಿಲ್ಲ. 2015ರ ಬಿಸಿನೀರಿಗೆ ಪಶ್ಚಿಮ ಹವಾಯಿ ತೀರದ ಹವಳದಲ್ಲಿ ಹೆಚ್ಚುಕಡಿಮೆ ಅರ್ಧ ಸತ್ತಿತು.

ಹೋಗುವವರಿಗೆ ಒಂದು ಮಾತು. ಬಿಳಿ ಕಂಬದ ಬಳಿಗೆ ಕಾರು ಹೋಗುವುದಿಲ್ಲ. ದೋಣಿಯಲ್ಲಿ ಬರಬೇಕು, ಇಲ್ಲವೇ ಮೇಲಿನ ರಸ್ತೆಯಿಂದ ಸಾವಿರದ ಮುನ್ನೂರು ಅಡಿ ಇಳಿದು ಮತ್ತೆ ಹತ್ತಬೇಕು. ಹಿಕಿಯಾವ್ ದೇಗುಲ ಮಾತ್ರ ದಕ್ಷಿಣ ದಡದ ನಾಪೋಪೋ ಹಳ್ಳಿಯಲ್ಲಿ ರಸ್ತೆಯ ಪಕ್ಕದಲ್ಲೇ ಇದೆ. ಲಾವಾ ಕಲ್ಲಿನ ಜಗಲಿ. ಕೆಳಗೆ ನಿಂತೇ ನೋಡಬೇಕು, ಮೇಲೆ ಹತ್ತುವಂತಿಲ್ಲ.