ದೇವರ ಮುಖ ಯಾವ ದಿಕ್ಕಿಗೆ?



ದಿನವೆಲ್ಲ ಜಮಾ-ಖರ್ಚು ಬರೆಯುವ ಬ್ಯಾಂಕಿನ ಗುಮಾಸ್ತರಿಗೆ ದೇವಾಲಯದ ದಿಕ್ಕಿನ ಗೊಡವೆ ಏತಕ್ಕೆಂದು ತಾವು ಕೇಳಬಹುದು. ಅದಕ್ಕೆ ಕಾರಣ ನಮ್ಮ ತಾಯಿಯವರು.

ತಂದೆಯವರು ತೀರಿಕೊಂಡ ಮೇಲೆ ತಾಯಿಯವರನ್ನು ಧಾರವಾಡದ ಕಡೆಯ ನಮ್ಮ ಹಳ್ಳಿಯಿಂದ ಈ ಪುಣೆಗೆ ಕರೆತಂದೆವು. ನಮ್ಮದು ಎರಡು ಕೋಣೆಯ ಬಿಡಾರ. ದೇವರನ್ನಿಡಲು ಉಳಿದಿದ್ದುದು ಮೂಡಣ ಗೋಡೆಯೊಂದೇ. ಅಲ್ಲಿಟ್ಟರೆ ದೇವರ ಮುಖ ಪಡುವಣಕ್ಕೆ. ಊರಿನ ಮನೆಯಲ್ಲಿ ದೇವರು ಮೂಡಣಕ್ಕೆ ನೋಡುತ್ತಿದ್ದರು; ಊರ ಈಶ್ವರನ ಗುಡಿಯೂ ಹಾಗೆಯೇ. "ಹೊತ್ತು ಮುಳುಗೋ ಕಡೆ ದೇವರ ಮಾರಿ ಮಾಡೀರೆಲ್ಲೋ" ಎಂದು ಆಕೆ ನೊಂದುಕೊಂಡರು. ಎರಡು ತಿಂಗಳು ಕಳೆದರೂ ದೇವರ ಪೆಟ್ಟಿಗೆಯನ್ನು ತೆರೆಯಲಿಲ್ಲ. ಊರಿಗೆ ಹಿಂದಿರುಗುವ ಮಾತೂ ಬಂತು.

ಆಕೆಯ ನಂಬಿಕೆಗೆ ಆಧಾರವಿಲ್ಲದೆ ಇಲ್ಲ. ನಮ್ಮ ದೇವಾಲಯಗಳಲ್ಲಿ ಹೆಚ್ಚಿನವು ಪೂರ್ವಾಭಿಮುಖ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನೂ ಹಂಪೆಯ ವಿರೂಪಾಕ್ಷನೂ ಮೂಡಣಕ್ಕೇ ಮುಖಮಾಡಿದ್ದಾರೆ. ಉದಯದ ಬೆಳಕು ಗರ್ಭಗುಡಿಗೆ ಸಲ್ಲಲಿ ಎಂಬುದು ಭಾವ. ಆದರೆ ಇದು ಮೀರಬಾರದ ಕಟ್ಟಳೆಯಲ್ಲ. ಉಡುಪಿಯ ಕೃಷ್ಣ ಪಶ್ಚಿಮಾಭಿಮುಖ. ಕನಕದಾಸರಿಗಾಗಿ ತಿರುಗಿ ನಿಂತನೆಂದು ಐತಿಹ್ಯ. ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿ ನೈಋತ್ಯಕ್ಕೆ. ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವೆ ಹಾಯ್ದು ಲಿಂಗವನ್ನು ಮುಟ್ಟುತ್ತದೆ.

ಬಾಯಿಮಾತಿನ ಈ ಸಮಾಧಾನವನ್ನು ತಾಯಿಯವರು ಒಪ್ಪಲಿಲ್ಲ. ಆದುದರಿಂದ ಕಳೆದ ನವೆಂಬರಿನಲ್ಲಿ ಅವರನ್ನು ಕೊಲ್ಹಾಪುರಕ್ಕೆ ಕರೆದೊಯ್ದೆವು. ಅಲ್ಲಿಯ ಮಹಾಲಕ್ಷ್ಮಿ ಪಶ್ಚಿಮಾಭಿಮುಖಿ. ನವೆಂಬರ್ 9, 10, 11ರಂದೂ, ಜನವರಿ 31, ಫೆಬ್ರವರಿ 1, 2ರಂದೂ ಸಂಜೆ ಅಲ್ಲಿ ಕಿರಣೋತ್ಸವ. ಮುಳುಗುವ ಸೂರ್ಯನ ಕಿರಣ ಮಹಾದ್ವಾರದಿಂದ ಗರುಡಮಂಟಪವನ್ನು ಹಾಯ್ದು ಗರ್ಭಗುಡಿಯನ್ನು ಸೇರಿ, ಮೊದಲ ದಿನ ದೇವಿಯ ಪಾದ, ಎರಡನೆಯ ದಿನ ಎದೆ, ಮೂರನೆಯ ದಿನ ಮುಖವನ್ನು ಮುಟ್ಟುವುದು ವಾಡಿಕೆ.

ಇದರಲ್ಲಿರುವ ಲೆಕ್ಕವನ್ನು ನೋಡಿರಿ. ಡಿಸೆಂಬರ್ 21ರ ಸುಮಾರಿಗೆ ಸೂರ್ಯನು ದಕ್ಷಿಣದ ಕೊನೆಯನ್ನು ಮುಟ್ಟಿ ಹಿಂದಿರುಗುತ್ತಾನೆ. ಅದಕ್ಕೆ ಆರು ವಾರ ಮೊದಲು ಮುಳುಗಿದ ತಾಣದಲ್ಲಿಯೇ ಆರು ವಾರದ ಅನಂತರ ಮತ್ತೆ ಮುಳುಗುತ್ತಾನೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದೇವಿಯ ದರ್ಶನ. ನಮ್ಮ ಖಾತೆಯ ಪುಸ್ತಕಗಳೂ ಪ್ರತಿ ಸಂಜೆ ಇಷ್ಟು ಚೆನ್ನಾಗಿ ತಾಳೆಯಾಗುವುದಿಲ್ಲ!

ನಾವು ನಿಂತ ಸಂಜೆ ಮೋಡ ಕವಿಯಿತು. ಕಿರಣ ಗರ್ಭಗುಡಿಯವರೆಗೆ ಬರಲೇ ಇಲ್ಲ. ಈಚೆಗೆ ಎತ್ತರದ ಕಟ್ಟಡಗಳೂ ಕಿರಣದ ದಾರಿಗೆ ಅಡ್ಡವಾಗುತ್ತಿವೆಯೆಂದು ಅಲ್ಲಿಯವರು ಹೇಳಿದರು. ಅಷ್ಟು ದೂರ ಬಂದುದು ವ್ಯರ್ಥವಾಯಿತೆಂದು ನಾವು ಬೇಸರಪಟ್ಟೆವು. ತಾಯಿಯವರು ಮಾತ್ರ ದೇವಿಯ ಮುಖವನ್ನು ನೋಡಿ, ಹಿಂದಿರುಗಿ ಪಡುವಣದ ಬಾಗಿಲನ್ನೂ ನೋಡಿ, "ತಾಯೀನ ಈ ಕಡೆ ಮಾರಿ ಮಾಡಿ ನಿಂತಾಳ. ಬರೋ ಬೆಳಕು ಯಾವಾಗರೆ ಬರತೈತಿ ಬಿಡು" ಎಂದರು. ಮರುದಿನ ಪುಣೆಯ ಬಿಡಾರದಲ್ಲಿ ದೇವರ ಪೆಟ್ಟಿಗೆ ತೆರೆಯಿತು. ಊರಿನ ಮಾತು ಮತ್ತೆ ಬರಲಿಲ್ಲ.

ಬಂಧುಗಳೆ, ಊರು ಬಿಟ್ಟು ಬಂದ ನಾವೆಲ್ಲರೂ ಸಿಕ್ಕಿದ ಗೋಡೆಗೆ ದೇವರನ್ನಿಟ್ಟವರೇ. ಇನ್ನು ಮುಂದೆ ಗುಡಿಗೆ ಹೋದಾಗ ಮಕ್ಕಳನ್ನು ಬಾಗಿಲಲ್ಲಿ ಒಂದು ನಿಮಿಷ ನಿಲ್ಲಿಸಿ, ಸೂರ್ಯ ಎಲ್ಲಿದ್ದಾನೆ, ದೇವರು ಎತ್ತ ನೋಡುತ್ತಿದ್ದಾನೆ ಎಂದು ಕೇಳಿರಿ. ಈ ತಿಂಗಳ 9ಕ್ಕೆ ತಾಯಿಯವರೊಡನೆ ಮತ್ತೆ ಕೊಲ್ಹಾಪುರಕ್ಕೆ ಹೊರಟಿದ್ದೇವೆ. ಜೊತೆಗೆ ಬರಲಿಚ್ಛಿಸುವವರು ಸಭೆ ಮುಗಿದೊಡನೆ ನಮಗೆ ತಿಳಿಸಬೇಕಾಗಿ ಅರಿಕೆ.